ಕೂಗಿದರೆ ಓಗೊಡುವಂಥ ಹೆಸರು

ದೇವರಿಗೆ ಸಾವಿರ ಹೆಸರು ಯಾಕಿದೆ ಗೊತ್ತೆ? ಪುರಾಣ ಬಲ್ಲವರನ್ನು ಕೇಳಿದರೆ, ಅವನ ಮಹಿಮೆ ಒಂದು ಹೆಸರಿಗೆ ಹಿಡಿಸುವುದಿಲ್ಲ, ಅದಕ್ಕೆ ಎನ್ನುತ್ತಾರೆ. ಎಲ್ಲ ಸುಳ್ಳು! ನಿಜವಾದ ಕಾರಣ ಗೊತ್ತಿದ್ದುದು ನಮ್ಮ ದೊಡ್ಡತ್ತೆ ಒಬ್ಬಳಿಗೇ.

“ಮೊದ್ಲು ಅವ್ನೂ ಒಂದೇ ಇಟ್ಕಂಡಿದ್ದ ಕಣ್ಲಾ. ಯಾರೋ ಅದ್ಕೊಂದು ಬಾಲ ಸೇರ್ಸಿ ಕೆಡಿಸಿಬುಟ್ರು. ನಾಚ್ಕೆ ಆಗಿ ಇನ್ನೊಂದಿಟ್ಕಂಡ. ಅದ್ನೂ ಬುಡ್ಲಿಲ್ಲ. ಇಂಗೇ ಕೆಡಿಸ್ತಾ ಕೆಡಿಸ್ತಾ ಸಾವ್ರ ಆಯ್ತು!”

ದೊಡ್ಡತ್ತೆ ಎಂದರೆ ನಮ್ಮಪ್ಪನ ಅಕ್ಕ. ತೋವಿನಕೆರೆಯಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆದರೇನಂತೆ! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ನಮ್ಮ ನೆಂಟರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮಗುವಿನ ಹೆಸರಿಗೆ ಅವಳ ಅಪ್ಪಣೆ ಬೇಕು. ಸುದ್ದಿ ಮುಟ್ಟಿದ್ದೇ ತಡ, ಸಿಕ್ಕಿದ ಬಸ್ಸು ಹತ್ತಿ, ತಲೆತುಂಬ ಧೂಳು ಹೊತ್ತು ಬಂದಿಳಿಯುತ್ತಿದ್ದಳು. ಮಿಕ್ಕವರು ನಾಮಕರಣಕ್ಕೆ ಕುಲಾವಿ ತಂದರೆ ಇವಳು ತಕರಾರು ತರುತ್ತಿದ್ದಳು.

ನನ್ನ ಮಗಳ ಹೆಸರೂ ಕೊನೆಗೆ ಅವಳ ಕೈಗೇ ಸಿಕ್ಕಿತು. ಎರಡು ಕೂಸುಗಳು ದಕ್ಕದೆ ಹೋದ ಮನೆಯಲ್ಲಿ ಹುಟ್ಟಿದ ಮೂರನೆಯ ಮಗು ಅದು. ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ. ಆದರೆ ದೊಡ್ಡತ್ತೆ ಎಂಥ ಘಾಟಿ ಎಂಬುದು ಮೊದಲು ನಿಮಗೆ ತಿಳಿಯಬೇಕು.

ಅವಳ ಸಿದ್ಧಾಂತ ಒಂದೇ. “ಅಪ್ಪ ಅಮ್ಮ ಇಡೋ ಹೆಸ್ರು ತೊಟ್ಲಗಂಟ. ಬೀದಿ ಇಡೋ ಹೆಸ್ರು ಚಟ್ಟದಗಂಟ.” ಆದ್ದರಿಂದ ಹೆಸರಿಡುವ ಮುಂಚೆಯೇ ಬೀದಿ ಅದನ್ನು ಏನು ಮಾಡುತ್ತದೆ ಎಂದು ನೋಡಿಬಿಡಬೇಕು. ಮಡಕೆ ಕೊಳ್ಳುವವರು ತಟ್ಟಿ ನೋಡುವುದಿಲ್ಲವೆ, ಹಾಗೆ.

ತಟ್ಟುವ ಕೆಲಸ ಮೊದಲು ನಡೆಯುತ್ತಿದ್ದುದು ಅವಳ ಹಿತ್ತಲ ಬಂಡೆಯ ಮೇಲೆ. ಆ ಕಡೆ ಬಂಡೆಗಳಿಗೇನು ಬರವೆ? ಸಿದ್ದರಬೆಟ್ಟದ ದಿಕ್ಕಿಗೆ ಮುಖ ಮಾಡಿ ನಿಂತು, ಬಾಯಿಗೆ ಕೈ ಅಡ್ಡ ಇಟ್ಟು, ಬರಲಿರುವ ಮಗುವಿನ ಹೆಸರನ್ನು ಪ್ರಾಣ ಹೋಗುವ ಹಾಗೆ ಕೂಗುತ್ತಿದ್ದಳು. ಎದುರಿನ ಬಂಡೆ ಅದನ್ನು ತಿರುಗಿ ಕೂಗುತ್ತಿತ್ತು. ಕೂಗಿದ್ದು ಪೂರ್ತಿ ಹೆಸರಾದರೂ ವಾಪಸ್ಸು ಬರುವುದು ಬಾಲ ಮಾತ್ರ. ಜನ ಬಾಯಲ್ಲಿ ಉಳಿಸಿಕೊಳ್ಳುವುದು ಆ ಬಾಲವನ್ನೇ, ಆದ್ದರಿಂದ ಮೊದಲು ಅದು ಸರಿಯಿರಬೇಕು ಎಂದು ಅವಳ ವಾದ. ಊರಿನವರಿಗೆ ಇದು ಅಭ್ಯಾಸವಾಗಿತ್ತು. ಹೊಸದಾಗಿ ಬಂದ ಕಂಡಕ್ಟರೊಬ್ಬನಿಗೆ ಪಾಪ, ಏನು ಗೊತ್ತು? ಯಾವಳೋ ಮುದುಕಿಯ ಮೊಮ್ಮಗು ಕಳೆದುಹೋಗಿದೆ ಎಂದುಕೊಂಡು ಬಸ್ಸು ನಿಲ್ಲಿಸಿ, ಒಳಗಿದ್ದವರನ್ನೆಲ್ಲ ಹುಡುಕಲು ಇಳಿಸಿಬಿಟ್ಟನಂತೆ.

“ಮಗ ಎಷ್ಟ್ ದೊಡ್ಡದಮ್ಮಾ? ಏನ್ ಬಟ್ಟೆ ಹಾಕಿತ್ತು?”

“ಇನ್ನೂ ಹುಟ್ಟಿಲ್ಲ ಕಣಪ್ಪಾ. ಮುಂದಿನ್ ತಿಂಗ್ಳು” ಎಂದಳಂತೆ ದೊಡ್ಡತ್ತೆ.

ಅವತ್ತಿನಿಂದ ಆ ಬಸ್ಸು ಅವಳು ಕೈ ಅಡ್ಡ ಹಾಕಿದರೂ ನಿಲ್ಲುತ್ತಿರಲಿಲ್ಲ.

ಬಂಡೆಯಿಂದ ಪಾರಾದ ಹೆಸರಿಗೆ ಮುಂದೆ ಬೈಗುಳದ ಪರೀಕ್ಷೆ. ಹೆಸರು ಮುದ್ದಿಗೆ ಒದಗಿದರೆ ಸಾಲದು, ಬೈಗುಳಕ್ಕೂ ಒದಗಬೇಕು! ಐ.ಡಿ.ಹಳ್ಳಿಯಲ್ಲಿ ನಮ್ಮ ದೂರದ ನೆಂಟರೊಬ್ಬರು ಮೇಷ್ಟರಾಗಿದ್ದರು. ಸ್ವಾತಂತ್ರ್ಯ ಬಂದ ಹೊಸದು. ಮೈಯೆಲ್ಲ ಖಾದಿ, ಬಾಯೆಲ್ಲ ಭಾಷಣ. ಗಂಡುಮಗು ಹುಟ್ಟಿದ್ದೇ ‘ಸ್ವತಂತ್ರಕುಮಾರ’ ಎಂದು ಹೆಸರಿಡುವುದಾಗಿ ಸಾರಿದರು. ದೊಡ್ಡತ್ತೆ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಲಿನ ಕಡೆ ಬೆರಳು ತೋರಿಸಿ ಶುರು ಮಾಡಿದಳು.

“ಲೇ ಸ್ವತಂತ್ರಾ! ಎಲ್ಲಿಗ್ ಓಡ್ತೀಯ? ಬಾ ಇಲ್ಲಿ, ಕಂಬಕ್ಕೆ ಕಟ್ಟಾಕ್ತೀನಿ!”

ಕೂಡಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟರು ಕೆಂಡವಾಗಿ, “ನಾನು ಮಗನನ್ನು ಬೈಯುವುದೇ ಇಲ್ಲ” ಎಂದರು. “ಮಗನ್ನ ಬೈದೆ ಬೆಳ್ಸೋ ಮೇಷ್ಟ್ರು ಇಸ್ಕೂಲ್ನಾಗೆ ಯಾರ್ ಮಕ್ಳನ್ನ ಹೊಡೀತೀರಪ್ಪಾ?” ಎಂದು ದೊಡ್ಡತ್ತೆ ಕೇಳಿದಳು. ಮಗುವಿಗೆ ರಾಮಣ್ಣ ಎಂದು ಹೆಸರಾಯಿತು.

ಇವೆರಡರಲ್ಲೂ ಪಾಸಾದರೆ ಕೊನೆಯದು ಇತ್ತಲ್ಲ, ಅದು ಹೈಕೋರ್ಟು! ಯಾವ ಊರಿಗೆ ಹೋದರೂ ದೊಡ್ಡತ್ತೆ ಅಲ್ಲಿನ ಅತ್ಯಂತ ಪೋಲಿ ಹುಡುಗರು ಯಾರು ಎಂದು ವಿಚಾರಿಸಿ ಅವರನ್ನೇ ಕರೆಸುತ್ತಿದ್ದಳು. ಮರ್ಯಾದಸ್ಥರ ಮಕ್ಕಳು ಅವಳಿಗೆ ಬೇಡ. ಮೂಗು ಸೋರುತ್ತಿರಬೇಕು, ಮಂಡಿ ತರಚಿರಬೇಕು. ಸಾಲಾಗಿ ಕೂರಿಸಿ, ತಲೆಗೊಂದು ಹಿಡಿ ಹುರಿದ ಕಡಲೆಕಾಯಿ ಕೊಟ್ಟು ಕೇಳುತ್ತಿದ್ದಳು: “ಇಂಥಾ ಹೆಸ್ರಿನ್ ಹುಡ್ಗ ನಿಮ್ ಕಲಾಸಿಗೆ ಬಂದ ಅಂತಿಟ್ಕಳಿ. ಏನಂತ ಕರೀತೀರ್ಲಾ?”

ಆ ಕಮಿಟಿಯ ಪ್ರತಿಭೆಯನ್ನು ಏನೆಂದು ಹೊಗಳಲಿ! ಗಂಗಾಧರ ಎಂದರೆ ಗಂಗಾಳ. ಸೀತಾರಾಮ ಎಂದರೆ ಶೀತ ನೆಗಡಿ. ಕಮಲ ಎಂದರೆ ಕಾಮಾಲೆ. ಸುಶೀಲ ಎಂದರೆ ಗೋಣಿಚೀಲ. ಕಡಲೆಕಾಯಿ ಸಿಪ್ಪೆ ಬಿಡಿಸುವಷ್ಟು ಹೊತ್ತೂ ಬೇಕಿರಲಿಲ್ಲ ಅವಕ್ಕೆ. ಮಗ್ಗಿ ಕೇಳಿದರೆ ಬಾಯಿ ಬಿಡದ ಗುಂಪು ಇದೇ ನೋಡಿ!

ಈ ಹೈಕೋರ್ಟಿನ ತೀರ್ಪನ್ನು ಎತ್ತಿ ಬಿಸಾಕಿದವರು ಶಿರಾದ ಸಾಹೇಬರೊಬ್ಬರೇ. ಅಲ್ಲಿ ಬಳೆ ಅಂಗಡಿ ಇಟ್ಟಿದ್ದರು. ನಮ್ಮ ಮನೆಯ ಹೆಂಗಸರಿಗೆಲ್ಲ ಮದುವೆ ಬಳೆ ಅವರದೇ. ಒಮ್ಮೆ ದೊಡ್ಡತ್ತೆ ಬಳೆ ತೊಡಿಸಲು ಯಾರನ್ನೋ ಕರೆದುಕೊಂಡು ಹೋದಾಗ, ಮೊಮ್ಮಗ ಹುಟ್ಟಿದ್ದಾನೆ, ಬದ್ರುದ್ದೀನ್ ಎಂದು ಹೆಸರಿಟ್ಟಿದ್ದೇವೆ ಎಂದು ಅವರು ಸಂತೋಷದಿಂದ ಹೇಳಿದರು. ಇವಳು ಸುಮ್ಮನಿರಬೇಕೋ ಬೇಡವೋ? ಬೀದಿಯಲ್ಲಿ ಗೋಲಿ ಆಡುತ್ತಿದ್ದ ಹುಡುಗರನ್ನು ಕರೆದು ಕೇಳಿಯೇಬಿಟ್ಟಳು. ಉತ್ತರ ಗೋಲಿಯಂತೆ ಬಂದು ಬಿತ್ತು: “ಬದ್ನೇಕಾಯ್!”

“ನೋಡಿದ್ರಾ ಸಾಹೇಬ್ರೇ?” ಎಂದಳು ಗೆದ್ದವಳ ಹಾಗೆ.

ಸಾಹೇಬರು ಗಡ್ಡ ನೀವಿಕೊಂಡರು. “ಅಚ್ಛಾ ಹೈ ಅಮ್ಮಾ! ಬದ್ನೇಕಾಯಿ ಇಲ್ದೆ ನಮ್ದು ಬಿರಿಯಾನಿ ಇಳೀತದಾ? ಕರೀಲಿ ಬಿಡಿ. ಕರ್ಯೋರು ಪ್ಯಾರ್‌ಸೆ ಕರೆದ್ರೆ ಸಾಕು” ಎಂದು ಹುಡುಗರಿಗೂ ಒಂದೊಂದು ಪೆಪ್ಪರಮೆಂಟು ಕೊಟ್ಟರು.

ದೊಡ್ಡತ್ತೆ ಅವತ್ತು ಬಳೆಯ ಬೆಲೆಗೂ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಎದ್ದಳು. ಬಸ್ಸಿನಲ್ಲಿ ಬರುವಾಗ ಮಾತ್ರ, “ಪ್ರೀತಿಯಿಂದ ಕರೆಯೋರು ಇದ್ರೆ ಸರಿ. ಇಲ್ದೋರು ಏನ್ ಮಾಡ್ಬೇಕು?” ಎಂದು ಕಿಟಕಿಯ ಹೊರಗೆ ನೋಡಿಕೊಂಡು ಗೊಣಗಿದಳಂತೆ. ಜೊತೆಗಿದ್ದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಾಹೇಬರ ಹಾಗೆ ನಾವೂ ಅವಳನ್ನು ನಕ್ಕು ಸಾಗಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಸಾಗಹಾಕುವುದು ಸ್ವಾಮಿ? ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಇದ್ದ ಒಬ್ಬಳೇ ಅಕ್ಕ ಇವಳು. ಬಂದೂಕಿನ ಕುದುರೆ ಅವಳ ಬೆರಳಲ್ಲೇ ಇತ್ತು!

ಕೊರಟಗೆರೆಯಲ್ಲಿದ್ದ ನಮ್ಮ ಚಿಕ್ಕಪ್ಪ ಇದನ್ನು ಮರೆತು ಕೆಟ್ಟ. ಅವನಿಗೆ ಗಜೇಂದ್ರ ಎಂಬ ಹೆಸರಿನ ಮೇಲೆ ಬಲು ಮೋಹ. ಹುಡುಗರ ಕಮಿಟಿ ಅದನ್ನು ಒಂದೇ ಉಸಿರಿಗೆ ‘ಗಜ್ಜಿ’ ಮಾಡಿ ಕೈ ತೊಳೆದುಕೊಂಡಿತ್ತು. ಚಿಕ್ಕಪ್ಪ ಹಟ ಬಿಡಲಿಲ್ಲ. “ನನ್ನ ಮಗ, ನನ್ನ ಇಷ್ಟ” ಎಂದ. ದೊಡ್ಡತ್ತೆ, “ಆಗ್ಲಪ್ಪಾ, ನಂದೇನೈತೆ” ಎಂದಳು. ಅವಳು ಹಾಗೆ ಮೆತ್ತಗೆ ಮಾತಾಡಿದಾಗಲೇ ನಾವು ಹೆದರಬೇಕಿತ್ತು.

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ‘ಗಜೇಂದ್ರ’ ಎಂದು ಬರೆಸಿದರು. ದೊಡ್ಡತ್ತೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು. ಎದ್ದು ನಿಂತು, ಸಭೆಗೆಲ್ಲ ಕೇಳುವ ಹಾಗೆ, “ಶಂಕ್ರ” ಎಂದಳು.

ಆಮೇಲಿನ ಗಲಾಟೆಯನ್ನು ನೀವೇ ಊಹಿಸಿಕೊಳ್ಳಿ. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿದ. ಪುರೋಹಿತರು ತಟ್ಟೆ ತೋರಿಸಿ, “ಅಮ್ಮಾ, ಇಲ್ಲಿ ಗಜೇಂದ್ರ ಅಂತ ಬರೆದಾಗಿದೆಯಲ್ಲ!” ಎಂದು ಬಾಯಿ ಬಾಯಿ ಬಡಿದುಕೊಂಡರು.

“ತಟ್ಟೇಲಿರೋದು ಅಕ್ಕಿ ಸ್ವಾಮೀ, ಮಧ್ಯಾಹ್ನಕ್ಕೆ ಅನ್ನ ಆಗ್ತೈತೆ. ಕಿವಿಗ್ ಬಿದ್ದಿದ್ದು ತಗಿಯಾಕಾಯ್ತದಾ?” ಎಂದಳು ದೊಡ್ಡತ್ತೆ.

ತೆಗೆಯಲು ಯಾರಿಂದಲೂ ಆಗಲಿಲ್ಲ. ಹುಡುಗ ಶಂಕರನೇ ಆದ. ಆದರೆ ಈ ಅಕ್ಕಿಯ ಕಥೆ ಊರೆಲ್ಲ ಹಬ್ಬಿ, ಅವನು ಸ್ಕೂಲಿಗೆ ಸೇರಿದ ದಿನವೇ ‘ಅಕ್ಕಿ’ ಎಂದು ನಾಮಕರಣವಾಯಿತು. ಇವತ್ತಿಗೂ ಅವನು ಅಕ್ಕಿ ಶಂಕ್ರನೇ! ಅಷ್ಟೆಲ್ಲ ಬಂಡೆ, ಬೈಗುಳ, ಕಡಲೆಕಾಯಿ ಆದಮೇಲೂ ಅವಳು ಪಾಸು ಮಾಡಿದ ಒಂದು ಹೆಸರಾದರೂ ಬೀದಿಯ ಬಾಯಿಂದ ತಪ್ಪಿಸಿಕೊಂಡಿತೆ ಎಂದರೆ, ಇಲ್ಲ. ರಾಮಣ್ಣ ಕೂಡ ‘ಕಂಬದ ರಾಮ’ನಾದ. ಇದನ್ನು ಅವಳ ಮುಂದೆ ಆಡಿದರೆ, “ನಾನಿಲ್ದಿದ್ರೆ ಇನ್ನೂ ಕೆಟ್ಟದಾಗಿರೋದು” ಎನ್ನುತ್ತಿದ್ದಳು. ಸರ್ಕಾರದವರು ಕೂಡ ಹೀಗೆಯೇ ಹೇಳುತ್ತಾರೆ.

ಊರಿನ ಮಕ್ಕಳ ಹೆಸರು ತಿದ್ದುವವಳ ಸ್ವಂತ ಹೆಸರೇನು ಎಂದಿರಾ? ತಿಪ್ಪಮ್ಮ.

ತಿಪ್ಪೇಸ್ವಾಮಿ ದೇವರ ಹೆಸರನ್ನು ಹೆಮ್ಮೆಯಿಂದ ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ದೊಡ್ಡತ್ತೆಗೆ ಬಂದದ್ದು ದೇವರಿಂದಲ್ಲ, ನೇರವಾಗಿ ತಿಪ್ಪೆಯಿಂದ. ಅವಳಿಗಿಂತ ಮುಂಚೆ ಹುಟ್ಟಿದ ಮಕ್ಕಳು ಒಂದೂ ನಿಲ್ಲಲಿಲ್ಲವಂತೆ. ಅದಕ್ಕೆ ಇವಳನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರು. ಪಕ್ಕದ ಮನೆಯವಳು ಎತ್ತಿಕೊಂಡಳು. ನಮ್ಮಜ್ಜಿ ಅವಳಿಗೆ ಒಂದು ಮೊರ ತೌಡು ಕೊಟ್ಟು ಸ್ವಂತ ಮಗಳನ್ನು ವಾಪಸ್ಸು ಕೊಂಡಳು. ಹಾಗೆ ಕೊಂಡ ಕೂಸಿಗೆ ಬೇರೆ ಹೆಸರಿಡುವಂತಿಲ್ಲ. ಇದು ತಿಪ್ಪೆಯ ಕಸ ಎಂದು ತಿಳಿದು ಯಮ ಮುಂದಿನ ಮನೆಗೆ ಹೋಗುತ್ತಾನಂತೆ. ಹೆಸರು ನೋಡಿಯೇ ಮೋಸ ಹೋಗುವವನಾದರೆ ಯಮನೂ ತಾಲ್ಲೂಕು ಕಚೇರಿ ಗುಮಾಸ್ತನೇ ಇರಬೇಕು! ನಾನೂ ಅಂಥ ಗುಮಾಸ್ತನೇ ಆದ್ದರಿಂದ ಹೇಳುವ ಹಕ್ಕಿದೆ.

ದೊಡ್ಡತ್ತೆ ಬದುಕಿದಳು, ನಿಜ. ಆದರೆ ಊರು ಅವಳನ್ನು ‘ತಿಪ್ಪಿ’ ಎಂದಿತು. ನೀರಿಗೆ ಹೋದರೆ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದರಂತೆ. ಮದುವೆಯಾದ ಮೇಲೆ ಗಂಡನೂ ಸಂತೆಯ ನಡುವೆ ನಿಂತು, “ಲೇ ತಿಪ್ಪೀ” ಎಂದೇ ಕೂಗುತ್ತಿದ್ದನಂತೆ. ಇದರ ಫಲ ಏನೆಂದರೆ, ನಮ್ಮ ಮನೆಯಲ್ಲಿ ಅವಳ ಮುಂದೆ ತಿಪ್ಪೆ ಎಂಬ ಮಾತಿಗೇ ಬಹಿಷ್ಕಾರ. ‘ಗೊಬ್ಬರದ ಗುಡ್ಡೆ’ ಎನ್ನಬೇಕು. ಇನ್ನು ಯಾರಾದರೂ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಎಮ್ಮೆ ಬೇಲಿ ಹಾರಿದೆ ಎಂದು ಊರೇ ಕೂಗಿಕೊಂಡರೂ ಅಷ್ಟೆ. ಎದುರಿಗೆ ಬಂದು ನಿಂತು ಹೇಳಬೇಕು. ಕಿವಿ ಮಂದ ಎಂದು ಹೊಸಬರು ತಿಳಿಯುತ್ತಿದ್ದರು. ಕಿವಿಯೆ? ನಾಲ್ಕು ತಾಲ್ಲೂಕಿನ ಗುಸುಗುಸು ಕೇಳುವ ಕಿವಿ ಅದು!

ಈಗ ನನ್ನ ಪಾಳಿ. ಇಷ್ಟು ಹೊತ್ತು ಬೇರೆಯವರ ಮಕ್ಕಳ ಕಥೆಗೆ ನಕ್ಕೆನಲ್ಲ, ನನ್ನ ಮಗುವಿನ ಸರದಿಯೂ ಬಂತು.

ನಮ್ಮ ಮೊದಲನೆಯ ಕೂಸು ಹೆಸರಿಡುವ ಮುಂಚೆಯೇ ಹೋಯಿತು. ಎರಡನೆಯದು ಹೆಸರಿಟ್ಟ ತಿಂಗಳೊಳಗೆ. ಮೂರನೆಯದು ಹೆಣ್ಣು. ನನ್ನ ಹೆಂಡತಿ ಅದನ್ನು ಮಡಿಲಿಂದ ಕೆಳಗಿಡುತ್ತಿರಲಿಲ್ಲ. ನಿದ್ದೆಯಲ್ಲೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ನಾಮಕರಣ ಎಂದರೆ, “ಆಗ್ಲಿ, ಆಗ್ಲಿ” ಎಂದು ಮುಂದಕ್ಕೆ ಹಾಕುತ್ತಿದ್ದಳು. ಮಗು ಮೂರು ತಿಂಗಳ ತನಕ ಬರೀ ‘ಪಾಪು’ವೇ.

ಮುಂದಕ್ಕೆ ಹಾಕಿದ್ದರಿಂದ ದೊಡ್ಡತ್ತೆಗೆ ಬೇಕಾದಷ್ಟು ಕಾಲಾವಕಾಶ ಸಿಕ್ಕಿತು. ನಾನು ಕಚೇರಿಯ ಕಡತ ಬದಿಗಿಟ್ಟು ಹೆಸರು ಯೋಚಿಸುವುದು, ಭಾನುವಾರ ತೋವಿನಕೆರೆಗೆ ಹೋಗಿ ಒಪ್ಪಿಸುವುದು, ಅವಳು ಬಂಡೆ ಹತ್ತುವುದು, ಹುಡುಗರು ಕಡಲೆಕಾಯಿ ತಿಂದು ಹೆಸರಿನ ಮಾನ ಕಳೆಯುವುದು. ಕೊನೆಗೆ ಇದನ್ನು ಕೆಡಿಸಲು ಯಾವನಿಂದಲೂ ಸಾಧ್ಯವಿಲ್ಲ ಎಂದು ಎದೆ ಸೆಟೆಸಿಕೊಂಡು ‘ಶ್ರೀವಲ್ಲಿ’ ಎಂದೆ. ದೊಡ್ಡತ್ತೆ ಬಂಡೆಯ ಮೇಲಿಂದ ಕೂಗಿದಳು. “ಅಲ್ಲೀ... ಅಲ್ಲೀ...” ಎಂದಿತು ಎದುರಿನ ಬಂಡೆ. ಕೆಳಗಿದ್ದ ಮೂಗುಸುರುಕನೊಬ್ಬ ತಲೆಯನ್ನೂ ಎತ್ತದೆ, “ಹಲ್ಲಿ!” ಎಂದು ಲೊಚಗುಟ್ಟಿದ.

“ಹೆಣ್‌ಮಗೀಗೆ ಹಲ್ಲಿ ಅಂತ ಇಡ್ತೀಯೇನ್ಲಾ?” ಎಂದು ದೊಡ್ಡತ್ತೆ ನನ್ನನ್ನೇ ಗದರಿದಳು.

“ಹಾಗಾದ್ರೆ ಹೆಸರೇ ಬೇಡ ಬಿಡು ದೊಡ್ಡತ್ತೆ! ನಂಬರ್ ಹಾಕ್ತೀನಿ, ನಮ್ಮ ಕಡತಕ್ಕೆ ಹಾಕೋ ಹಾಗೆ!”

“ನಂಬರ್ ಹಾಕಿದ್ರೂ ಬುಡಾಕಿಲ್ಲ ಕಣ್ಲಾ. ಮೂರು ಅಂದ್ರೆ ಮೂರು ಕಾಸಿನವ್ಳು ಅಂತಾರೆ. ಬೀದಿ ಕಂಡಿಲ್ಲ ನೀನು.” ಆಮೇಲೆ ದನಿ ತಗ್ಗಿಸಿ, “ಹೆಸ್ರು ಕೂಗಿದ್ರೆ ಹುಡ್ಗಿ ತಿರುಗಿ ನೋಡೋ ಹಂಗಿರ್ಬೇಕು. ತಲೆ ಬಗ್ಸೋ ಹಂಗಿರ್ಬಾರ್ದು” ಎಂದಳು.

ನಾನು ಸಿಟ್ಟಿನಲ್ಲಿ ಬಸ್ಸು ಹತ್ತಿ ಬಂದುಬಿಟ್ಟೆ. ಮಧುಗಿರಿಗೆ ಬಂದು ನೋಡಿದರೆ ಮನೆಯಲ್ಲಿ ಇನ್ನೊಂದು ಕಷ್ಟ ಬಂದಿಳಿದಿತ್ತು. ಪಾವಗಡದಿಂದ ನನ್ನ ಹೆಂಡತಿಯ ತಾಯಿ ಬಂದಿದ್ದರು. ಜೊತೆಗೆ ಒಂದು ಹೊಸ ಮೊರ, ಒಂದು ಚೀಲ ತೌಡು.

“ಇಂಕಾ ಏಮಿ ಹೆಸ್ರು ಹುಡ್ಕೋದು ಅಲ್ಲುಡೂ? ತಿಪ್ಪೆ ಮೇಲೆ ಇಟ್ಟು ಎತ್ಕೊಂಡು ಪೆಂಟಮ್ಮ ಅಂತ ಇಡೋದೇ. ಪೇರು ಏದೈತೇನೇಮಿ, ಬಿಡ್ಡ ಬ್ರತಕಾಲಿ ಕದಾ!” ಎಂದರು. ಅಂದರೆ, ಹೆಸರು ಯಾವುದಾದರೇನು ಅಳಿಯಾ, ಮಗು ಬದುಕಬೇಕು ತಾನೆ?

ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಅಂದರೆ ದೊಡ್ಡತ್ತೆಯ ಹೆಸರನ್ನೇ ಪಾವಗಡದ ಬಸ್ಸಿಗೆ ಹತ್ತಿಸಿ ತಂದಿದ್ದರು! ನಾನು ವಿದ್ಯಾವಂತ, ಇಂಥ ಮೂಢನಂಬಿಕೆ ನನ್ನ ಮನೆಯಲ್ಲಿ ನಡೆಯುವುದಿಲ್ಲ ಎಂದು ಒಂದು ಭಾಷಣ ಶುರು ಮಾಡಿದೆ. ನನ್ನ ಹೆಂಡತಿ ಮಗುವನ್ನು ಎದೆಗವಚಿಕೊಂಡು, “ನಿಮ್ ಭಾಷಣ ಕಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಮಗು ಬೇಕು. ಅಮ್ಮ ಹೇಳ್ದಂಗೇ ಆಗ್ಲಿ” ಎಂದಳು. ಎರಡು ಕೂಸು ಕಳೆದುಕೊಂಡವಳ ಮುಂದೆ ಇನ್ನೇನು ವಿದ್ಯೆ?

ನಮ್ಮಪ್ಪ ಮಾತ್ರ ಕಂಬಕ್ಕೊರಗಿ, “ಅಕ್ಕಂಗೆ ಹೆಂಗೋ ಹೇಳೋದು” ಎಂದು ತಲೆ ಹಿಡಿದುಕೊಂಡ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಅಕ್ಕತಂಗಿಯರಿಲ್ಲವಾದ್ದರಿಂದ ಕಿವಿಯಲ್ಲಿ ಹೆಸರು ಉಸುರಬೇಕಾದವಳೂ ಅವಳೇ. ‘ನಾಮಕರಣ ಇದೆ, ಬಾ’ ಎಂದಷ್ಟೇ ಹೇಳಿ ಕಳಿಸಿದೆವು.

ಅವತ್ತು ಬೆಳಗಿನ ಬಸ್ಸಿಗೆ ದೊಡ್ಡತ್ತೆ ಬಂದಿಳಿದಳು. ಪೆಟ್ಟಿಗೆಯಿಂದ ತೆಗೆದ ಕಡ್ಡಿ ಅಂಚಿನ ಸೀರೆ, ಗಂಜಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಅಂಗಳದಲ್ಲಿ ಮೊರ ಕಂಡಳು. ಮೊರದ ಪಕ್ಕದಲ್ಲಿ ತೌಡು ಕಂಡಳು. ಹಿತ್ತಲ ಬಾಗಿಲಿಂದ, ಕೊಟ್ಟಿಗೆಯ ಆಚೆಗಿದ್ದ ತಿಪ್ಪೆಯನ್ನೂ ಕಂಡಳು. ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

“ಬೀಗಿತ್ತೇರೇ, ಏನ್ ಹೆಸ್ರು?” ಎಂದು ಕೇಳಿದಳು.

ಪಾವಗಡದ ನಮ್ಮ ಅತ್ತೆಯವರು ಕಣ್ಣೆತ್ತದೆ ಹೇಳಿದರು. ದೊಡ್ಡತ್ತೆಯ ಹೆಸರಿನ ಕಥೆ ಅವರಿಗೂ ಆ ಹೊತ್ತಿಗೆ ಗೊತ್ತಾಗಿತ್ತು. ವದಿನಾ, ಎಂದರೆ ಅತ್ತಿಗೆ, ಎಂದು ಮೆತ್ತಗೆ ಕರೆದರು. “ತಪ್ಪು ತಿಳ್ಕೋಬೇಡ ವದಿನಾ. ಕೂಸು ನಿಲ್ಲಾಲಿ ಅಂತ...”

ಈಗ ನಾಲ್ಕು ತಾಲ್ಲೂಕಿಗೆ ಕೇಳುವ ಜಗಳವಾಗುತ್ತದೆ ಎಂದು ನಾನು ಕಾದೆ. ಬೀದಿಯ ಹುಡುಗರು ಕಡಲೆಕಾಯಿಯ ಆಸೆಗೆ ಬಾಗಿಲಲ್ಲಿ ಆಗಲೇ ಜಮಾಯಿಸಿದ್ದರು. ದೊಡ್ಡತ್ತೆ ಏನೂ ಕೂಗಾಡಲಿಲ್ಲ. ನನ್ನ ಹೆಂಡತಿಯ ಹತ್ತಿರ ಹೋಗಿ ಕೈ ಚಾಚಿದಳು. ಮಗುವನ್ನು ಮೊರದಲ್ಲಿ ಮಲಗಿಸಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾವೆಲ್ಲ ಹಿಂದೆ ಹಿಂದೆ ಓಡಿದೆವು. ತಿಪ್ಪೆಯ ಹತ್ತಿರ ಹೋದವಳು ಮೊರವನ್ನು ಅದರ ಮೇಲೆ ಇಡಲಿಲ್ಲ. ಗಂಜಿ ಹಾಕಿದ ಆ ಸೀರೆಯಲ್ಲಿ ತಾನೇ ತಿಪ್ಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಕ್ಕಾ!” ಎಂದ ನಮ್ಮಪ್ಪ.

“ಸುಮ್ಕಿರ್ಲಾ. ತಿಪ್ಪೆ ಮೇಲೆ ಇಟ್ಟಂಗಾಯ್ತಲ್ಲ? ಈಗ ಕೇಳಿ. ಒಂದ್ ಮನೇಗೆ ಒಬ್ಳು ತಿಪ್ಪಮ್ಮ ಸಾಕು. ಇನ್ನೊಬ್ಳು ಯಾಕೆ?” ನಮ್ಮ ಅತ್ತೆಯವರ ಕಡೆ ತಿರುಗಿದಳು. “ಈ ಹೆಸ್ರು ಹಿಡ್ದು ಕೂಗಿದ್ರೆ ನಾನು ಹುಟ್ಟಿದಾಗಿಂದ ಯಾರಿಗೂ ಓ ಅಂದೋಳಲ್ಲ ಬೀಗಿತ್ತೇರೇ. ಕಟ್ಕಂಡ್ ಗಂಡಂಗೂ ಅನ್ಲಿಲ್ಲ. ಯಮ ಈ ಮನೆ ಬಾಗ್ಲಿಗ್ ಬಂದು ಕೂಗ್ಲಿ. ಅವಂಗೆ ಓ ಅಂತೀನಿ. ಮಗೀನ್ ತಂಟೆಗೆ ಬರ್ದೆ ನನ್ನ ಕರ್ಕಂಡ್ ಹೋಗ್ಲಿ.”

ನನ್ನ ಹೆಂಡತಿ ಅಲ್ಲೇ ಕುಸಿದು ಕುಳಿತು ಮುಖಕ್ಕೆ ಸೆರಗು ಒತ್ತಿಕೊಂಡಳು. ನಮ್ಮ ಅತ್ತೆಯವರು ಬಿಕ್ಕುತ್ತಾ ಹೋಗಿ ಮಗುವನ್ನು ಎತ್ತಿಕೊಂಡರು. ಪದ್ಧತಿ ಬಿಡುವಂತಿಲ್ಲವಲ್ಲ, ತೌಡನ್ನೂ ತರಿಸಿದರು.

“ಎಷ್ಟು ಅಳೀಲಿ ವದಿನಾ?”

“ಮಗೀಗೆ ಮಾತ್ರ ಅಳೀರಿ. ನನ್ ತೌಡು ನಮ್ಮವ್ವ ಆವಾಗ್ಲೇ ಕೊಟ್ಟವ್ಳೆ” ಎಂದು ದೊಡ್ಡತ್ತೆ ಸೀರೆ ಕೊಡವಿಕೊಂಡು ಎದ್ದಳು.

ತೊಟ್ಟಿಲ ಹತ್ತಿರ ಬಾಗಿ ಅವಳು ಕಿವಿಯಲ್ಲಿ ಏನೋ ಉಸುರಿದಳು. ಯಾವ ಹೆಸರು ಎಂದು ನಾವ್ಯಾರೂ ಕೇಳಿರಲಿಲ್ಲ. ಕೇಳುವ ಯೋಗ್ಯತೆಯಾದರೂ ಯಾರಿಗಿತ್ತು? ಎದ್ದು ನಿಂತು, ಮೆಲ್ಲಗೆ, ನಾಚಿಕೊಂಡಂತೆ ಹೇಳಿದಳು: “ಕನಕವಲ್ಲಿ.”

ಕನಕವಲ್ಲಿ! ನನಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ಶ್ರೀವಲ್ಲಿ ಹಲ್ಲಿಯಾದರೆ ಕನಕವಲ್ಲಿ ಏನಾಗುತ್ತಾಳೆ? ಅವಳದೇ ಬಂಡೆಯ ಮುಂದೆ ಈ ಹೆಸರು ಗೋತಾ ಹೊಡೆಯುತ್ತದೆ! ಬಾಗಿಲಲ್ಲಿದ್ದ ಹುಡುಗನೊಬ್ಬ ಅಭ್ಯಾಸಬಲದಿಂದ ಬಾಯಿ ತೆರೆದ. ದೊಡ್ಡತ್ತೆ ಅವನನ್ನು ಒಂದು ಸಲ ನೋಡಿದಳು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಸಂಜೆ ಜಗಲಿಯಲ್ಲಿ ನಮ್ಮಪ್ಪ ನನ್ನ ಹತ್ತಿರ ಬಂದು ಕುಳಿತ. “ಅದು ಅಕ್ಕನ ಆಟದ ಹೆಸ್ರು ಕಣೋ” ಎಂದ. “ಯಾವ್ದೋ ಬಯಲಾಟ ನೋಡ್ಕಂಬಂದಿದ್ಲು. ಅದ್ರಾಗೆ ರಾಣಿ ಹೆಸ್ರು. ನಾವಿಬ್ರೇ ಇದ್ದಾಗ, ‘ನನ್ನ ಕನಕವಲ್ಲಿ ಅಂತ ಕೂಗ್ಲಾ’ ಅನ್ನೋಳು. ಕೂಗಿದ್ರೆ ಸುಟ್ಟ ಹುಣಸೇಬೀಜ ಕೊಡೋಳು. ನಾನು ಬೀಜದಾಸೆಗೆ ಕೂಗೋನು. ದೊಡ್ಡವನಾದ್ಮೇಲೆ ಮರ್ತೇಬುಟ್ಟೆ.” ಅಷ್ಟು ಹೇಳಿ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಮಗು ನಿಂತಿತು. ತೌಡಿನಿಂದಲೋ, ಡಾಕ್ಟರರ ಔಷಧಿಯಿಂದಲೋ, ದೊಡ್ಡತ್ತೆಗೆ ಹೆದರಿ ಯಮ ಆ ಬೀದಿಗೇ ಕಾಲಿಡಲಿಲ್ಲವೋ, ನನಗೆ ಗೊತ್ತಿಲ್ಲ. “ಹೆಸ್ರು ಮೈಗೆ ಅಂಟ್ಕಳೋಗಂಟ ಇರ್ತೀನಿ” ಎಂದು ಎಮ್ಮೆಯನ್ನು ಪಕ್ಕದವರಿಗೆ ಒಪ್ಪಿಸಿ ಬಂದ ದೊಡ್ಡತ್ತೆ ನಮ್ಮಲ್ಲೇ ಉಳಿದಳು. ಪಾಪು ಅಂಬೆಗಾಲಿಡುವಷ್ಟು ದೊಡ್ಡದಾಯಿತು.

ಒಂದು ಮಧ್ಯಾಹ್ನ ದೊಡ್ಡತ್ತೆ ಜಗಲಿಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಗು ನಡುಮನೆಯಲ್ಲಿ ಆಡುತ್ತಿತ್ತು. ನಾನು ಬಾಗಿಲ ಹತ್ತಿರ ಅರೆನಿದ್ದೆಯಲ್ಲಿದ್ದೆ. ನನ್ನ ಹೆಂಡತಿ ರಾಗಿಸರಿ ಕಲಸಿ ಅಡುಗೆಮನೆಯಿಂದ ಕೂಗಿದಳು.

“ಕನಕವಲ್ಲೀ...”

“ಓ...” ಎಂದಿತು ಜಗಲಿ.

ನಾನು ಕಣ್ಣು ಬಿಟ್ಟೆ. ದೊಡ್ಡತ್ತೆ ಕೈಯಲ್ಲಿ ಹುಣಸೆಹಣ್ಣು ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿ, ಅಡುಗೆಮನೆಯ ಕಡೆ ನೋಡುತ್ತಿದ್ದಳು. ಕೂಗಿಗೆ ತಿರುಗಿ ನೋಡಿದ ದೊಡ್ಡತ್ತೆಯನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಮುಖ ನೋಡಿದ್ದೇ ಅವಳ ಮುಖ ಕೆಂಪಾಯಿತು.

“ಏನ್ಲಾ ಹಂಗ್ ನೋಡ್ತೀಯ? ಓ ಅನ್ನೋದು ಹೆಂಗೆ ಅಂತ ಮಗೀಗೆ ಹೇಳ್ಕೊಡ್ತಿದ್ದೆ!” ಎಂದು ರೇಗಿ, ಮತ್ತೆ ಆ ಕಡೆ ತಿರುಗಿ ಬೀಜ ಬಿಡಿಸತೊಡಗಿದಳು.

ನನ್ನ ಹೆಂಡತಿ ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದಳು. ಮಗು ಆಗಲೇ ಹರಿದು ಬಂದು ಅವಳ ಕಾಲು ತಬ್ಬಿಕೊಂಡಿತ್ತು. ಅದನ್ನು ಒಂದು ಕೈಯಿಂದ ಎತ್ತಿ ಸೊಂಟಕ್ಕೇರಿಸಿದಳು. ಆಮೇಲೆ ಜಗಲಿಯ ಕಡೆ ನೋಡಿಕೊಂಡು, ಇನ್ನೊಂದು ಸಲ ಕೂಗಿದಳು.

“ಕನಕವಲ್ಲೀ...”

ದೊಡ್ಡತ್ತೆಯ ಕೈ ನಿಂತಿತು. ಆಮೇಲೆ, ತಿರುಗಿ ನೋಡದೆ, ಮೆಲ್ಲಗೆ ಅಂದಳು.

“ಓ.”